ಸಿದ್ರಾಮ ಇಪ್ಪತ್ತಾರು ಸಲ ಬಿದ್ದದ್ದು

ಪೀಣ್ಯ ಎರಡನೇ ಹಂತದ ಆ ಪರೀಕ್ಷಾಲಯದಲ್ಲಿ ಅನರ್ಥಕ್ಕೆ ಕಾರಣವಾದದ್ದು ಉಗುರಿನಷ್ಟು ಗಾತ್ರದ ಒಂದು ಸಿಮ್ ಕಾರ್ಡು. ಪರೀಕ್ಷೆಗೆಂದೇ ಇಟ್ಟಿದ್ದ ಆ ಕಾರ್ಡಿನ ಅವಧಿ ಹಿಂದಿನ ವಾರ ಮುಗಿದಿತ್ತು. ರೀಚಾರ್ಜ್ ಮಾಡಿಸಲು ಮೂವರು ಅಧಿಕಾರಿಗಳ ಒಪ್ಪಿಗೆ ಬೇಕು. ಒಬ್ಬರು ರಜೆಯಲ್ಲಿದ್ದರು, ಇನ್ನೊಬ್ಬರು ಮೀಟಿಂಗಿನಲ್ಲಿದ್ದರು, ಮೂರನೆಯವರು ಮೊದಲಿಬ್ಬರು ಒಪ್ಪದೆ ಒಪ್ಪುವವರಲ್ಲ. ಪರದೇಶದಿಂದ ಯಂತ್ರಗಳನ್ನು ಹಡಗಿನಲ್ಲಿ ತರಿಸಿಕೊಂಡ ಸಂಸ್ಥೆಯೊಂದು ಒಂದು ರೀಚಾರ್ಜಿನ ಮುಂದೆ ಹೀಗೆ ಮಂಡಿಯೂರಿದಾಗ, ಆ ಹೊರೆಯನ್ನು ಯಾರ ಹೆಗಲಿಗೆ ದಾಟಿಸಬೇಕೆಂಬುದು ಇಂಥ ಕಡೆಗಳಲ್ಲಿ ಎಲ್ಲರಿಗೂ ಗೊತ್ತಿರುತ್ತದೆ. ಎಲ್ಲರಿಗಿಂತ ಕೆಳಗಿರುವವನ ಹೆಗಲಿಗೆ.

"ಸಿದ್ರಾಮ, ನಿನ್ನ ಸಿಮ್ಮೇ ಹಾಕ್ಕೊಂಡ್ಬಿಡು. ಒಂದಿನ ಅಡ್ಜಸ್ಟ್ ಮಾಡ್ಕೋ" ಎಂದರು ಹಿರಿಯ ಇಂಜಿನಿಯರ್ ವೀರೇಶ್.

"ಸರ್, ಸ್ವಂತ ಸಿಮ್ ಹಾಕಬಾರದು ಅಂತ ಗ್ವಾಡಿ ಮ್ಯಾಲ ಬರದೈತಲ್ರಿ. ಹಾಕಿದವ್ರನ್ನ ಕೆಲಸದಿಂದ ತಗೀತಾರಂತ ಕೆಂಪ್ ಅಕ್ಷರದಾಗ ಐತ್ರಿ."

"ಗೋಡೆ ಮೇಲಿರೋದನ್ನೆಲ್ಲ ಓದ್ತಾ ಕೂತ್ರೆ ಕೆಲಸ ಆಗಲ್ಲ ಕಣಯ್ಯಾ. ಇವತ್ತು ಫೋನ್ ಕಂಪನಿಯಿಂದ ಮೇಡಂ ಬರ್ತಿದಾರೆ. ಇರೋದು ಒಂದೇ ಸ್ಯಾಂಪಲ್. ನಿನ್ನ ಕಾಯಂ ಲೆಟರ್ ಜಿ.ಎಂ. ಟೇಬಲ್ ಮೇಲಿದೆ, ನೆನಪಿರ್ಲಿ."

ಸಿದ್ರಾಮನನ್ನು ಕಟ್ಟಿಹಾಕಿದ್ದು ಆ ಕಡೆಯ ಮಾತು. ಮುದ್ದೇಬಿಹಾಳದ ಕಡೆಯಿಂದ ಬಂದು, ಮುನಿರಾಜು ಎಂಬ ಗುತ್ತಿಗೆದಾರನ ಆಳಾಗಿ ಈ ಪರೀಕ್ಷಾಲಯಕ್ಕೆ ಸೇರಿ, ಆ ದಿನಕ್ಕೆ ಸರಿಯಾಗಿ ಮೂರು ವರ್ಷ ತುಂಬುತ್ತಿತ್ತು. ಒಂದು ದಿನವೂ ಕಡಿಯದಂತೆ ಮೂರು ವರ್ಷ ದುಡಿದ ಗುತ್ತಿಗೆಯವನನ್ನು ಸಂಸ್ಥೆ ಕಾಯಂ ಮಾಡಿಕೊಳ್ಳಬಹುದೆಂಬ ನಿಯಮವಿತ್ತು. ಜ್ವರ ಬಂದಾಗ ಸಿದ್ರಾಮ ಮಾತ್ರೆ ನುಂಗಿ ಬಂದಿದ್ದ; ತಂಗಿಯ ಮದುವೆಗೆ ಹೋಗದೆ ಫೋನಿನಲ್ಲೇ ಅಕ್ಷತೆ ಹಾಕಿದ್ದ. ಸಂಜೆ ಐದಕ್ಕೆ ಜನರಲ್ ಮ್ಯಾನೇಜರರು ಸಹಿ ಮಾಡಿದರೆ ಅವನ ಬಾಳಿಗೊಂದು ನೆಲೆ ಸಿಗುತ್ತಿತ್ತು. ಆದ್ದರಿಂದ ಅವನು ಗೋಡೆಯ ಕೆಂಪು ಅಕ್ಷರಗಳಿಗೆ ಬೆನ್ನು ತಿರುಗಿಸಿ ನಿಂತು, ತನ್ನ ಸಿಮ್ಮನ್ನು ಆ ಹೊಸ ಫೋನಿಗೆ ಹಾಕಿದ.

ಫೋನಿನ ಹೆಸರು 'ಶಿಖರ'. ಕಂಪನಿಯ ಅತ್ಯುನ್ನತ ಮಾದರಿ. ಕಪ್ಪಗೆ, ನುಣ್ಣಗೆ, ಸಾವಿನ ಮನೆಯ ಕನ್ನಡಿಯಂತೆ ಹೊಳೆಯುತ್ತಿತ್ತು. ಚಾಲೂ ಮಾಡಿದೊಡನೆ ಅದು ಕೇಳಿತು: 'ಆಪತ್ತು ಬಂದರೆ ಯಾರಿಗೆ ತಿಳಿಸಬೇಕು?' ಕೆಳಗೆ ಐದು ಖಾಲಿ ಸಾಲುಗಳಿದ್ದವು. ಬೇರೆ ಯಾರಾದರೂ ಆಗಿದ್ದರೆ ಮೂಲೆಯಲ್ಲಿದ್ದ 'ಆಮೇಲೆ' ಎಂಬುದನ್ನು ಒತ್ತಿ ಮುಂದೆ ಹೋಗುತ್ತಿದ್ದರು. ಆದರೆ ಪರೀಕ್ಷಾಲಯದಲ್ಲಿ ಪಳಗಿದವನಿಗೆ ಅದು ಸಾಧ್ಯವಿಲ್ಲ. ಅಲ್ಲಿ ಖಾಲಿ ಬಿಟ್ಟ ಕಾಲಂ ಎಂದರೆ ಅಪರಾಧ. ತನಿಖೆಗೆ ಬಂದವರು ಮೊದಲು ಬೆರಳಿಡುವುದೇ ಅಲ್ಲಿ. ಸಿದ್ರಾಮ ಐದೂ ಸಾಲುಗಳನ್ನು ಶ್ರದ್ಧೆಯಿಂದ ತುಂಬಿದ: ಹೆಂಡತಿ ಮಹಾನಂದಾ; ನಾಗಸಂದ್ರದ ವಠಾರದ ಒಡತಿ ಬಸಮ್ಮ; ಪಕ್ಕದ ಕೋಣೆಯ ದುರ್ಗವ್ವ; ವಠಾರದ ಕೊನೆಯ ಕೋಣೆಯಲ್ಲಿ ವಿಭೂತಿ ಮಾರುವ ಸಿದ್ದಲಿಂಗಯ್ಯನವರು; ಐದನೆಯವನಾಗಿ ಗುತ್ತಿಗೆದಾರ ಮುನಿರಾಜು.

ಒಂಬತ್ತೂವರೆಗೆ ಫೋನ್ ಕಂಪನಿಯ ಬಿಂದುಶ್ರೀ ಬಂದು ಗಾಜಿನ ಗೋಡೆಯಾಚೆ ಕುರ್ಚಿ ಹಾಕಿಸಿಕೊಂಡು ಕುಳಿತರು. ನಿಯಮ ಸ್ಪಷ್ಟವಾಗಿತ್ತು. ಎದೆಯೆತ್ತರದಿಂದ ಉಕ್ಕಿನ ಹಲಗೆಯ ಮೇಲೆ ಫೋನನ್ನು ಇಪ್ಪತ್ತಾರು ಸಲ ಬೀಳಿಸಬೇಕು: ಆರು ಮುಖ, ಹನ್ನೆರಡು ಅಂಚು, ಎಂಟು ಮೂಲೆ. ಅನಂತರ ನೀರು, ಅನಂತರ ಶಾಖ. ಮೊದಲಿನಿಂದ ಕೊನೆಯವರೆಗೆ ಪರದೆಗೆ ಬೆರಳು ತಾಗಕೂಡದು. ತಾಗಿದರೆ ಸ್ಯಾಂಪಲ್ ರದ್ದು. ಪ್ರತಿ ಸಲ ಬಿದ್ದ ಮೇಲೂ ಕಂಪ್ಯೂಟರ್ ಒಂದು ಕರೆ ಮಾಡುತ್ತದೆ. ಫೋನು ರಿಂಗಾದರೆ ಗುರುತು ಹಾಕಬೇಕು.

ಸಿದ್ರಾಮ ಕೈಗವಸು ತೊಟ್ಟು ಫೋನನ್ನು ಯಂತ್ರದ ಹಿಡಿಕೆಯಲ್ಲಿಟ್ಟು ಗುಂಡಿ ಒತ್ತಿದ. ಫೋನು ಬಿತ್ತು. ಒಂದು ಗೆರೆಯೂ ಮೂಡಲಿಲ್ಲ. ಆದರೆ ಪರದೆಯ ಮೇಲೆ ಕೆಂಪು ಅಕ್ಷರಗಳು ಬೆಳಗಿದವು: 'ನೀವು ಜೋರಾಗಿ ಬಿದ್ದಂತಿದೆ. ಕ್ಷೇಮವೇ? ಹೌದಾದರೆ ಮುಟ್ಟಿ.' ಅದರ ಕೆಳಗೆ ಮೂವತ್ತು, ಇಪ್ಪತ್ತೊಂಬತ್ತು, ಇಪ್ಪತ್ತೆಂಟು ಎಂದು ಅಂಕಿಗಳು ಇಳಿಯತೊಡಗಿದವು.

"ಸರ್, ಇದು ಏನೋ ಕೇಳಾಕತ್ತೈತ್ರಿ."

"ಹೊಸ ಫೀಚರ್ ಕಣಯ್ಯಾ. ಓನರ್ ಬಿದ್ರೆ ಮನೆಯವ್ರಿಗೆ ಹೇಳುತ್ತೆ. ಮುಟ್ಬೇಡ!"

"ಓನರ್ ಅಂದ್ರ ಈಗ ನಾನಲ್ರೀ ಸರ್! ನನ್ನ ಸಿಮ್ ಐತಲ್ರೀ!"

ವೀರೇಶರ ಮುಖ ಒಂದು ಕ್ಷಣ ಸುಣ್ಣವಾಯಿತು. ಗಾಜಿನಾಚೆ ನೋಡಿ ನಕ್ಕು, ಹಲ್ಲುಗಳ ನಡುವಿನಿಂದ ಹೇಳಿದರು: "ಮೇಡಂ ಮುಂದೆ ಸಿಮ್ ವಿಷ್ಯ ಎತ್ತಿದ್ರೆ ನೀನೂ ಹೋದೆ, ನಾನೂ ಹೋದೆ. ಸುಮ್ನೆ ಬೀಳಿಸ್ತಾ ಇರು."

ಸಿದ್ರಾಮ ಫೋನಿನ ಹತ್ತಿರ ಬಾಗಿ ಪಿಸುಗುಟ್ಟಿದ: "ಚಲೋ ಅದೀನಿ ನಮ್ಮವ್ವಾ, ಏನೂ ಆಗಿಲ್ಲ." ಅದು ಕೇಳಿಸಿಕೊಳ್ಳಲಿಲ್ಲ. ಅಂಕಿ ಸೊನ್ನೆಗಿಳಿಯಿತು. 'ನಿಮ್ಮವರಿಗೆ ತಿಳಿಸಲಾಗಿದೆ' ಎಂದು ತೋರಿಸಿ ಶಾಂತವಾಯಿತು.

ಹೊರಗೆ ಓಡಿಹೋಗಿ ಹೆಂಡತಿಗೆ ಒಂದು ಮಾತು ಹೇಳೋಣವೆಂದರೆ, ಪರೀಕ್ಷೆಯ ನಡುವೆ ಕೊಠಡಿ ಬಿಡುವಂತಿರಲಿಲ್ಲ. ಆ ಬೆಳಗಿನ ಸಿಮ್ ಬಿಟ್ಟರೆ ಮೂರು ವರ್ಷದಲ್ಲಿ ಒಮ್ಮೆಯೂ ನಿಯಮ ಮೀರದವನಿಗೆ, ಮೀರಲೇಬೇಕಾದ ದಿನವೂ ಕಾಲು ಏಳಲಿಲ್ಲ. ಎರಡನೇ ಸಲ ಬೀಳಿಸಿದ. ಮೂರನೇ ಸಲ ಬೀಳಿಸಿದ. ಪ್ರತಿ ಸಲವೂ ತಾನೇ ಬಿದ್ದವನಂತೆ ಮೈ ತಡವಿಕೊಂಡ. ನಾಲ್ಕನೆಯ ಸಲ ಫೋನು ಇನ್ನೂ ಹಿಡಿಕೆಯಲ್ಲಿರುವಾಗಲೇ ರಿಂಗಾಯಿತು. ಪರದೆಯ ಮೇಲೆ 'ಮಹಾನಂದಾ' ಎಂದು ಹೊಳೆಯಿತು. ಹೆಂಡತಿಯ ಹೆಸರನ್ನು ನೋಡುತ್ತ ನೋಡುತ್ತ ಅವನು ಗುಂಡಿ ಒತ್ತಿದ. ಹೆಸರು ಉಕ್ಕಿನ ಮೇಲೆ ಮುಖ ಅಡಿಯಾಗಿ ಬಿದ್ದು ರಿಂಗಾಗುತ್ತಲೇ ಇತ್ತು.

ಬಿಂದುಶ್ರೀ ಗಾಜು ತಟ್ಟಿದರು. "ಮಿಸ್ಟರ್ ವೀರೇಶ್, ಇಷ್ಟೊಂದು ಕಾಲ್ ಬರ್ತಿದೆಯಲ್ಲ, ಎಲ್ಲಾ ಟೆಸ್ಟ್ ಕಾಲೇನಾ?"

"ಹೌದು ಮೇಡಂ. ಲೋಡ್ ಟೆಸ್ಟ್. ಎಕ್ಸ್‌ಟ್ರಾ ಮಾಡ್ತಿದೀವಿ."

"ಮಹಾನಂದಾ ಅಂತ ಬರ್ತಿದೆ?"

"ನಮ್ ಸರ್ವರ್ ಹೆಸರು ಮೇಡಂ. ಸರ್ವರ್‌ಗಳಿಗೆಲ್ಲ ನದಿ ಹೆಸರು ಇಟ್ಟಿದೀವಿ."

"ಓ, ನೈಸ್. ಈಗ ಬಸಮ್ಮ ಅಂತ ಬರ್ತಿದೆ?"

"ಅದು... ಉಪನದಿ ಮೇಡಂ."

ಸುಳ್ಳನ್ನು ಇಷ್ಟು ಸಲೀಸಾಗಿ ಹೇಳುವವರು ಹಿರಿಯ ಹುದ್ದೆಗಳಲ್ಲಿರುವುದು, ನಿಜವನ್ನು ಬಾಯಲ್ಲಿಟ್ಟುಕೊಂಡು ತೊಳಲುವವರು ಗುತ್ತಿಗೆಯಲ್ಲಿರುವುದು ಆಕಸ್ಮಿಕವೇನಲ್ಲ.

ಇತ್ತ ನಾಗಸಂದ್ರದ ವಠಾರದಲ್ಲಿ ಮಹಾನಂದಾ ರೊಟ್ಟಿ ಬಡಿಯುತ್ತಿದ್ದಳು. ಫೋನು ಎತ್ತಿದರೆ, ಮೆಟ್ರೋದಲ್ಲಿ ಮುಂದಿನ ನಿಲ್ದಾಣ ಹೇಳುವಂಥದೇ ಒಂದು ನಯವಾದ ಹೆಣ್ಣುದನಿ, "ಸಿದ್ರಾಮ ಅವರು ಎತ್ತರದಿಂದ ಬಿದ್ದಿದ್ದಾರೆ. ಪ್ರತಿಕ್ರಿಯಿಸುತ್ತಿಲ್ಲ. ಸ್ಥಳ, ಪೀಣ್ಯ ಎರಡನೇ ಹಂತ" ಎಂದಿತು. ಅವಳು ಚೀರುವಷ್ಟರಲ್ಲಿ ಬಸಮ್ಮನ ಫೋನು, ದುರ್ಗವ್ವನ ಫೋನು, ಸಿದ್ದಲಿಂಗಯ್ಯನವರ ಫೋನು ಅದನ್ನೇ ನುಡಿದವು. ಗಂಡನಿಗೆ ಮಾಡಿದ ಕರೆ ರಿಂಗಾಗುತ್ತಿತ್ತು, ಯಾರೂ ಎತ್ತುತ್ತಿರಲಿಲ್ಲ. ಮುನಿರಾಜುವಿನ ಫೋನು ಆಗಲೇ ಸ್ವಿಚ್ ಆಫ್ ಆಗಿತ್ತು.

"ಅಳಬ್ಯಾಡ ನಮ್ಮವ್ವಾ. ಕಾಲು ಜಾರಿರಬೇಕು" ಎಂದಳು ದುರ್ಗವ್ವ. ಅಷ್ಟರಲ್ಲಿ ಫೋನು ಮತ್ತೆ ಬಡಿದುಕೊಂಡಿತು. ಸಿದ್ರಾಮ ಅವರು ಎತ್ತರದಿಂದ ಬಿದ್ದಿದ್ದಾರೆ.

"ಮತ್ತ ಬಿದ್ದಾರಂತ!"

"ಮೆಟ್ಲು ಇರ್ಬೇಕು ಕಣಮ್ಮಿ. ಉಳ್ಳಾಡ್ಕೊಂಡು ಬತ್ತಾ ಅವ್ನೆ" ಎಂದರು ಬಸಮ್ಮ.

ಏಳನೆಯ ಸಲ ಬಂದಾಗ ಮೆಟ್ಟಿಲಿನ ವಾದ ಬಿದ್ದುಹೋಯಿತು. ಬಸಮ್ಮ ಹಣೆ ಚಚ್ಚಿಕೊಂಡರು. "ಗೊತ್ತಾತು ಬಿಡು. ಎತ್ಕೊಂಡೋಗೋರು ಕೈ ಜಾರಿಸ್ತಾ ಅವ್ರೆ. ಇಂಗೆ ಎತ್ತೋದು, ಅಂಗೆ ಬೀಳ್ಸೋದು. ಏನ್ ಜನವೋ! ಒಂದು ಎಣ ಎತ್ತಾಕ್ ಬರಾಕಿಲ್ವಾ?"

ಹೆಣ ಎಂಬ ಮಾತು ಹೀಗೆ ಮೊದಲ ಬಾರಿ ವಠಾರದಲ್ಲಿ ಬಿತ್ತು. ಬಿದ್ದ ಮೇಲೆ ಅದನ್ನು ಯಾರೂ ಎತ್ತಿ ಹೊರಗೆ ಹಾಕಲಿಲ್ಲ. ಮಹಾನಂದಾ ಗೋಡೆಗೊರಗಿ ಕುಸಿದಳು. ಒಲೆಯ ಮೇಲೆ ರೊಟ್ಟಿ ಕರಿದಾಗುತ್ತ ಹೋಯಿತು. ಹನ್ನೆರಡು, ಹದಿನೇಳು, ಇಪ್ಪತ್ತೊಂದು ಎಂದು ದುರ್ಗವ್ವ ಬೆರಳು ಮಡಿಸುತ್ತ ಹೋದಳು. ಪಕ್ಕದ ಬೀದಿಯಲ್ಲಿ ಲಗೇಜ್ ಆಟೋ ಓಡಿಸುವ ಮಲ್ಲಿಕನನ್ನು ಕರೆಯಲು ಒಬ್ಬರು ಹೋದರು. ಅವನು ವರ್ತೂರಿಗೆ ಬೀರು ಇಳಿಸಲು ಹೋಗಿದ್ದ. ಹೆಣ ಹೊರುವುದೆಂದರೆ ಬೇರೆ ಆಟೋದವರು ಒಪ್ಪರು; ಅವನು ಬರುವವರೆಗೆ ಕಾಯುವುದೇ ಆಯಿತು.

ಮಧ್ಯಾಹ್ನ ಫೋನುಗಳು ಹೊಸ ಮಾತನ್ನು ತಂದವು. "ಸಿದ್ರಾಮ ಅವರು ನೀರಿನಲ್ಲಿ ಮುಳುಗಿರುವ ಸಾಧ್ಯತೆ ಇದೆ."

"ಶಿವ ಶಿವಾ, ಹೆಣಕ್ಕ ನೀರು ಹಾಕ್ಯಾರ" ಎಂದರು ಸಿದ್ದಲಿಂಗಯ್ಯ. "ಮನಿ ಮಂದಿ ಬರೂ ಮೊದಲ ಜಳಕ ಮಾಡಿಸ್ಯಾರಲ್ಲವ್ವಾ!"

ಎರಡು ಗಂಟೆಗೆ, ಎಲ್ಲರೂ ಮಲ್ಲಿಕನ ಆಟೋ ಹತ್ತುತ್ತಿರುವಾಗ, ಕೊನೆಯ ಸಂದೇಶ ಬಂತು. "ಸಿದ್ರಾಮ ಅವರ ಸುತ್ತ ಅಪಾಯಕಾರಿ ಶಾಖವಿದೆ."

ಸಿದ್ದಲಿಂಗಯ್ಯನವರು ಆಟೋದ ಕಬ್ಬಿಣ ಹಿಡಿದು ಎದ್ದು ನಿಂತರು. ಅಷ್ಟು ಹೊತ್ತು ಶೋಕದಲ್ಲಿದ್ದ ಅವರ ಕಣ್ಣುಗಳು ಕೆಂಡವಾಗಿದ್ದವು. "ಸುಡಾಕತ್ಯಾರ! ನಾವು ಕುಂದ್ರಿಸಿ, ವಿಭೂತಿ ಇಟ್ಟು, ಮಣ್ಣು ಕೊಡೂ ಮಂದಿ. ಲಿಂಗ ಕಟ್ಟಿದ ದೇಹಾನ ಇವರು ಹೆಂಗ ಸುಡ್ತಾರ? ಯಾರನ್ನ ಕೇಳಿ ಸುಡ್ತಾರ? ಹೊಡಿಯೋ ಮಲ್ಲಿಕ್ ಗಾಡಿ!"

"ಸ್ವಾಮೇರೇ, ಕೂತ್ಕೊಳ್ಳಿ, ಬಿದ್ದೋಗ್ತೀರ! ಇವತ್ತು ಬಿದ್ದಿರೋರು ಸಾಕು!" ಎಂದು ಮಲ್ಲಿಕ್ ಆಟೋ ಓಡಿಸಿದ.

ಪರೀಕ್ಷಾಲಯದ ಗೇಟಿನಲ್ಲಿ ಕಾವಲುಗಾರ ಕೈಯಡ್ಡ ಹಿಡಿದ. "ಎಲ್ಲಿಗೆ? ಪಾಸ್ ಎಲ್ಲಿ?"

"ಹೆಣಕ್ಕ ಪಾಸ್ ಕೇಳ್ತೀಯೇನೋ? ಸಿದ್ರಾಮನ ಮನಿ ಮಂದಿ ನಾವು!" ಎಂದಳು ದುರ್ಗವ್ವ.

ಕಾವಲುಗಾರ ಕಂಪ್ಯೂಟರಿನಲ್ಲಿ ಹುಡುಕಿದ, ಮತ್ತೆ ಹುಡುಕಿದ, ತಲೆ ಕೆರೆದುಕೊಂಡ. "ಸಿದ್ರಾಮ ಅಂತ ಲಿಸ್ಟಲ್ಲೇ ಇಲ್ಲ ಕಣಮ್ಮ. ಬೆಳಿಗ್ಗೆ ಇದ್ದಂಗಿತ್ತು... ಈಗ ಹೆಸ್ರು ತೆಗೆದವ್ರೆ."

ಅಷ್ಟೇ ಸಾಕಾಯಿತು. ಮಹಾನಂದಾಳ ಗೋಳು ಪೀಣ್ಯದ ಪ್ರೆಸ್ಸಿಂಗ್ ಯಂತ್ರಗಳ ಸದ್ದನ್ನೂ ಮೀರಿ ಎದ್ದಿತು. ಅಕ್ಕಪಕ್ಕದ ಕಾರ್ಖಾನೆಗಳವರು ಚಹಾದ ಲೋಟ ಹಿಡಿದುಕೊಂಡೇ ಓಡಿ ಬಂದರು. ಸಿದ್ದಲಿಂಗಯ್ಯನವರು ಜೋಳಿಗೆಯಿಂದ ಗಂಟೆ ತೆಗೆದು ಬಾರಿಸುತ್ತ ಮುಂದೆ ನುಗ್ಗಿದರು. ಅವರ ಹಿಂದೆ ಹೆಂಗಸರು, ಹೆಂಗಸರ ಹಿಂದೆ ದಾರಿಯಲ್ಲಿ ಕೊಂಡ ಹೂವಿನ ಹಾರ ಹಿಡಿದ ಮಲ್ಲಿಕ್, ಎಲ್ಲರ ಹಿಂದೆ "ಸಹಿ ಮಾಡಿ ಹೋಗ್ರೀ" ಎಂದು ರಿಜಿಸ್ಟರ್ ಎತ್ತಿಕೊಂಡು ಓಡುವ ಕಾವಲುಗಾರ.

ಒಳಗೆ ಸಿದ್ರಾಮ ಶಾಖದ ಪೆಟ್ಟಿಗೆಯ ಬಾಗಿಲು ತೆರೆಯುತ್ತಿದ್ದ. ಬೆಳಿಗ್ಗೆಯಿಂದ ಅವನು ಹನಿ ನೀರು ಕುಡಿದಿರಲಿಲ್ಲ. ಮುಖ ಬೂದಿಬಣ್ಣಕ್ಕೆ ತಿರುಗಿತ್ತು. ಆ ಮುಖವೊಂದೇ ಅಂದಿನ ಸುದ್ದಿಗೆ ಒಪ್ಪುವಂತಿತ್ತು. ದಪ್ಪ ಕೈಗವಸಿನಲ್ಲಿ ಫೋನನ್ನು ಹೊರತೆಗೆದು, ಮೇಜಿನ ಮೇಲಿಟ್ಟು ಬಿಸಿ ಆರಿಸಿ, ನಿಯಮದಂತೆ ಪರೀಕ್ಷೆ ಶುರುವಾದ ಮೇಲಿನ ಮೊದಲ ಬೆರಳನ್ನು ಪರದೆಗೆ ತಾಗಿಸಿದ. ಪರದೆ ಓಗೊಟ್ಟಿತು. ಪರೀಕ್ಷೆ ಮುಗಿಯಿತು. ಅದೇ ಕ್ಷಣ ಬಾಗಿಲು ದಢಾರನೆ ತೆರೆದುಕೊಂಡಿತು.

"ಸುಡಬ್ಯಾಡ್ರೀ!" ಎಂದು ಸಿದ್ದಲಿಂಗಯ್ಯ ಗರ್ಜಿಸಿದರು.

ಮಹಾನಂದಾ ಗಂಡನನ್ನು ಮೇಲಿನಿಂದ ಕೆಳಗೆ ನೋಡಿದಳು. ತಲೆ ಇತ್ತು. ಕೈಕಾಲು ಇದ್ದವು. ಒದ್ದೆಯಾಗಿರಲಿಲ್ಲ, ಸುಟ್ಟಿರಲಿಲ್ಲ. ಓಡಿಹೋಗಿ ಅವನ ಅಂಗಿ ಹಿಡಿದು ಜಗ್ಗಾಡಿದಳು. "ಇಪ್ಪತ್ತಾರು ಸಲ ಬಿದ್ದಿರಲ್ರೀ! ಒಮ್ಮೆರ ಫೋನ್ ಎತ್ತಬಾರದೇನ್ರೀ? ಬದಕಿದ್ದೀನಿ ಅನ್ನಾಕ ನಿಮಗ ಏನು ಧಾಡಿ ಆಗಿತ್ತು?"

"ಮುಟ್ಟಾಂಗಿರಲಿಲ್ಲ ಮಾನಂದಾ. ಮುಟ್ಟಿದ್ರ ಸ್ಯಾಂಪಲ್ ಕೆಡ್ತಿತ್ತು."

"ಅದರ ಸ್ಯಾಂಪಲ್‌ಗಿಷ್ಟು ಬೆಂಕಿ ಬೀಳಲಿ!"

"ಬೆಂಕೀನೂ ಆತು" ಎಂದ ಸಿದ್ರಾಮ ಸೋತ ದನಿಯಲ್ಲಿ.

ಬಿಂದುಶ್ರೀ ಎದ್ದು ಒಳಗೆ ಬಂದರು. ವೀರೇಶ್ ಗೋಡೆಗೆ ಅಂಟಿಕೊಂಡರು. ಮುಚ್ಚಿಡಲು ಏನೂ ಉಳಿದಿರಲಿಲ್ಲ. ನದಿಯೂ ಉಪನದಿಯೂ ಕಣ್ಣೊರೆಸಿಕೊಳ್ಳುತ್ತ ಎದುರಿಗೇ ನಿಂತಿದ್ದವು. ಸಿದ್ರಾಮ ಸಿಮ್ಮಿನ ವಿಷಯವನ್ನು ತಾನಾಗಿಯೇ ಹೇಳಿ ತಲೆ ತಗ್ಗಿಸಿದ. ಕೆಲಸ ಹೋಯಿತೆಂದು ನಿರ್ಧರಿಸಿಕೊಂಡ.

ಆದರೆ ಬಿಂದುಶ್ರೀಯವರ ಕಣ್ಣುಗಳು ಅರಳುತ್ತಿದ್ದವು. "ಒಂದ್ನಿಮಿಷ. ಇಪ್ಪತ್ತಾರು ಸಲ ಬಿದ್ದು, ನೀರಲ್ಲಿ ಮುಳುಗಿ, ಬಿಸಿಯಲ್ಲೂ ಇದ್ದು, ಒಂದು ಮೆಸೇಜೂ ಮಿಸ್ ಆಗಿಲ್ವಾ? ಎಲ್ಲಾ ನಿಮಗೆ ತಲುಪ್ತಾ ಅಮ್ಮ?"

"ತಲಪದೇನು ತಾಯಿ" ಎಂದು ದುರ್ಗವ್ವ ಮಡಿಸಿದ ಬೆರಳುಗಳನ್ನು ತೋರಿಸಿದಳು. "ಲೆಕ್ಕಾ ಇಟ್ಟೀನಿ."

"ಫೆಂಟಾಸ್ಟಿಕ್! ನಮ್ಮ ಆಫೀಸಲ್ಲಿ ಈ ಫೀಚರ್ ಇಷ್ಟು ಚೆನ್ನಾಗಿ ಯಾರೂ ಟೆಸ್ಟ್ ಮಾಡಿಲ್ಲ. ಸಿಮ್ ವಿಷ್ಯ ಬಿಡಿ, ನಾನು ಜಿ.ಎಂ. ಹತ್ರ ಮಾತಾಡ್ತೀನಿ. ರಿಪೋರ್ಟಲ್ಲಿ ಸಿದ್ರಾಮ ಅವರ ಹೆಸರೇ ಇರ್ಬೇಕು. ಇಂಥವ್ರನ್ನ ಇನ್ನೂ ಕಾಂಟ್ರ್ಯಾಕ್ಟಲ್ಲಿ ಇಟ್ಟಿದೀರಾ?"

ಒಂದು ಹೆಣ್ಣುಜೀವದ ಅರ್ಧ ದಿನದ ನರಕವನ್ನು ಒಂದು ಯಂತ್ರದ ಯಶಸ್ಸೆಂದು ಕೊಂಡಾಡಬಹುದೆಂಬುದು ಸಿದ್ರಾಮನಿಗೆ ವಿಚಿತ್ರವೆನಿಸಿತು. ಆದರೂ ಅವನು ಕೈಮುಗಿದ. ಮೂರು ವರ್ಷದಲ್ಲಿ ಯಾರೂ ಅವನ ಹೆಸರು ಎಲ್ಲಿಯಾದರೂ ಇರಬೇಕೆಂದು ಹೇಳಿರಲಿಲ್ಲ. ಮಲ್ಲಿಕ್ ತಂದಿದ್ದ ಹಾರ ವ್ಯರ್ಥವಾಗಬಾರದೆಂದು ಬಸಮ್ಮ ಅದನ್ನು ಅವನ ಕೊರಳಿಗೇ ಹಾಕಿದರು. ಸಿದ್ದಲಿಂಗಯ್ಯನವರು ಹಣೆಗೆ ವಿಭೂತಿ ಹಚ್ಚಿ, "ಇನ್ನ ನೂರು ವರ್ಷ ಕಾಯಂ" ಎಂದು ಹರಸಿದರು.

ವಠಾರದವರನ್ನು ಹೊರಗೆ ಕೂರಿಸಿ, ಐದು ಗಂಟೆಗೆ ಸಿದ್ರಾಮ ಜನರಲ್ ಮ್ಯಾನೇಜರರ ಕೊಠಡಿಗೆ ಹೋದ. ಬಿಂದುಶ್ರೀ ಅದಾಗಲೇ ಮಾತಾಡಿ ಹೊರಟುಹೋಗಿದ್ದರು. ಜಿ.ಎಂ. ಕಿಟಕಿಯತ್ತ ಮುಖ ಮಾಡಿ ಕುಳಿತಿದ್ದರು. ವೀರೇಶ್ ಒಂದು ಮೂಲೆಯಲ್ಲಿದ್ದರು. ಇನ್ನೊಂದು ಮೂಲೆಯಲ್ಲಿ, ದಿನವಿಡೀ ಫೋನಿಗೆ ಸಿಗದಿದ್ದ ಮುನಿರಾಜು ಕಡತವೊಂದನ್ನು ಎದೆಗವಚಿ ನಿಂತು ಬೆವರುತ್ತಿದ್ದ.

"ಬದ್ಕಿದೀಯಾ ಗುರು?" ಎಂದ ಮುನಿರಾಜು. ಆ ದನಿಯಲ್ಲಿ ಸಂತೋಷವಿರಲಿಲ್ಲ.

"ಹೌದ್ರಿ. ಯಾಕ್ರಿ?"

ಉತ್ತರವಾಗಿ ಒಂದು ಹಾಳೆ ಮೇಜಿನ ಮೇಲೆ ಬಂತು. ಸಿದ್ರಾಮ ಎಂಬಾತ ಸ್ವಂತ ಇಚ್ಛೆಯಿಂದ ಕೆಲಸ ಬಿಟ್ಟಿರುವುದಾಗಿಯೂ, ಬರಬೇಕಾದ ಬಾಕಿ ಏನೂ ಇಲ್ಲವೆಂದೂ ಅದರಲ್ಲಿ ಬರೆದಿತ್ತು. ಕೆಳಗೆ ಅವನದೇ ಸಹಿ. ಮೂರು ವರ್ಷದ ಹಿಂದೆ ಸೇರುವ ದಿನ 'ಫಾರ್ಮಾಲಿಟಿ' ಎಂದು ಮುನಿರಾಜು ಹಾಕಿಸಿಕೊಂಡಿದ್ದ ಸಹಿ. ತಾರೀಕು ಮಾತ್ರ ನಿನ್ನೆಯದು.

"ಬೆಳಿಗ್ಗೆ ಒಂಬತ್ಮುಕ್ಕಾಲಿಗೆ ಮೆಸೇಜ್ ಬಂತಪ್ಪ, ಬಿದ್ದೋದ ಅಂತ" ಎಂದ ಮುನಿರಾಜು. "ಡ್ಯೂಟಿ ಮೇಲೆ ಬಿದ್ದು ಏನಾದ್ರೂ ಆದ್ರೆ ಪೊಲೀಸ್, ಲೇಬರ್ ಆಫೀಸು, ಎಲ್ಲಾ ನನ್ನ ತಲೆ ಮೇಲೆ. ಅದಕ್ಕೆ ತಕ್ಷಣ ನಿನ್ನೆ ಡೇಟ್ ಹಾಕಿ ಹೆಡ್ ಆಫೀಸಿಗೆ ಕಳಿಸ್ಬಿಟ್ಟೆ. ಅವ್ರೂ ಪಾಪ, ಹತ್ತೂವರೆಗೇ ಒಪ್ಕೊಂಡ್ಬಿಟ್ರು."

ಒಂದು ರೀಚಾರ್ಜಿಗೆ ವಾರ ತೆಗೆದುಕೊಳ್ಳುವ ಕಚೇರಿ, ಒಬ್ಬ ಮನುಷ್ಯನನ್ನು ಮುಕ್ಕಾಲು ಗಂಟೆಯಲ್ಲಿ ವಿಲೇವಾರಿ ಮಾಡಿತ್ತು.

"ಈಗ ತಿದ್ದಿ ಬಿಡ್ರಲ್ರಿ. ನಾ ಇಲ್ಲೇ ಅದೀನಲ್ರಿ!"

ಜಿ.ಎಂ. ಕಿಟಕಿಯಿಂದ ಮುಖ ತಿರುಗಿಸದೆ ಹೇಳಿದರು: "ತಿದ್ದಿದ್ರೆ ಮೊದಲು ಕಳಿಸಿದ್ದು ಸುಳ್ಳು ಅಂತ ಒಪ್ಕೊಂಡಂಗಾಗುತ್ತೆ. ಅದೆಲ್ಲ ಸಾಧ್ಯ ಇಲ್ಲ. ಮೂರು ವರ್ಷಕ್ಕೆ ಒಂದು ದಿನ ಕಮ್ಮಿ ಆಯ್ತು, ಏನ್ಮಾಡೋಣ? ರೂಲ್ಸು."

"ಹಂಗಾರ ಇವತ್ತು ಟೆಸ್ಟ್ ಮಾಡಿದವ್ರು ಯಾರ್ರಿ?"

ವೀರೇಶ್ ಕೆಮ್ಮಿದರು. "ನಿನ್ನೆ ಬಿಟ್ಟೋದವನು ಇವತ್ತು ಟೆಸ್ಟ್ ಮಾಡಕ್ಕಾಗಲ್ವಲ್ಲ ಸಿದ್ರಾಮ. ರಿಪೋರ್ಟಲ್ಲಿ ನನ್ನ ಹೆಸರು ಹಾಕ್ಕೊಂಡಿದೀನಿ. ಅಡ್ಜಸ್ಟ್ ಮಾಡ್ಕೋ."

ಸಿದ್ರಾಮ ಮುನಿರಾಜುವನ್ನು ಕೇಳಿದ: "ಒಂದು ವ್ಯಾಳೆ ನಾ ಖರೇನ ಸತ್ತಿದ್ರ?"

"ಸತ್ತಿದ್ರೆ ಏನೂ ತೊಂದ್ರೆ ಇರ್ಲಿಲ್ಲ ಗುರು, ಪೇಪರೆಲ್ಲ ಕ್ಲೀನಾಗಿತ್ತು" ಎಂದ ಮುನಿರಾಜು, ಪ್ರಾಮಾಣಿಕವಾಗಿ ಮರುಗುತ್ತ. "ಬೇಜಾರ್ ಮಾಡ್ಕೋಬೇಡ. ನಾಳೆ ಬೆಳಿಗ್ಗೆ ಬಾ, ಹೊಸಬ ಅಂತ ಸೇರಿಸ್ಕೋತೀನಿ. ಮೊದಲ ವಾರ ಟ್ರೈನಿಂಗ್ ಇರುತ್ತೆ, ಫೋನ್ ಹೆಂಗೆ ಬೀಳ್ಸೋದು ಅಂತ."

"ಟ್ರೈನಿಂಗ್ ಯಾರು ಕೊಡ್ತಾರ್ರಿ?"

ಮುನಿರಾಜು ವೀರೇಶರ ಮುಖ ನೋಡಿದ. ವೀರೇಶ್ ಜಿ.ಎಂ. ಅವರ ಬೆನ್ನು ನೋಡಿದರು.

"ಇಷ್ಟು ದಿನ ಹೊಸಬರಿಗೆಲ್ಲ ನೀನೇ ಕೊಡ್ತಿದ್ದೆ" ಎಂದರು ವೀರೇಶ್. "ನೀನು ಕೆಲಸ ಬಿಟ್ಟ ಮೇಲೆ ಆ ಜಾಗಕ್ಕೆ ಇನ್ನೂ ಯಾರೂ ಸಿಕ್ಕಿಲ್ಲ."